ಕ್ಯಾತಪ್ಪನ ಹೆಸರಿನ ಪುಸ್ತಕ

ಎರಡು ಟಗರು ಮಾರಿದ ದುಡ್ಡನ್ನು ಪಂಚೆಯಂಚಿಗೆ ಗಂಟು ಹಾಕಿಕೊಂಡು ಬೋರಣ್ಣ ಶಿರಾದಲ್ಲಿ ನಾನು ಕೆಲಸ ಮಾಡುತ್ತಿದ್ದ ಡಿಟಿಪಿ ಅಂಗಡಿಗೆ ಬಂದ. ಬುಕ್ಕಾಪಟ್ಟಣದ ಕಡೆಯ ಗೊಲ್ಲರಹಟ್ಟಿಯವನು. ಒಡೆದ ಹಿಮ್ಮಡಿಯಿಂದ ರಕ್ತ ಜಿನುಗುತ್ತಿತ್ತು. ಕುರಿಗಳಿಗೆ ತಾನು ನಲವತ್ತು ವರ್ಷ ಕೊಟ್ಟ ಔಷಧಿಗಳನ್ನೆಲ್ಲ ಪುಸ್ತಕ ಮಾಡಿಸಬೇಕಂತೆ. ಬರೆಯಲು ಬಾರದು. ಹನ್ನೆರಡು ದಿನ ಬಸ್ಸಿನಲ್ಲಿ ಶಿರಾಕ್ಕೆ ಬಂದು ಬಾಯಲ್ಲಿ ಹೇಳಿದ, ನಾನು ಟೈಪು ಮಾಡಿದೆ. ಕುರಿ ಹೇಗೆ ಕೆಮ್ಮುತ್ತದೆ ಅಂತ ಕೆಮ್ಮಿ ತೋರಿಸುತ್ತಿದ್ದ. ಗಿರಾಕಿಗಳು ನಗುತ್ತಿದ್ದರು.

ಕೊನೆಗೆ ಕೇಳಿದೆ: "ಬೋರಣ್ಣಾ, ಬರೆದೋರು ಅಂತ ನಿನ್ನ ಹೆಸ್ರು ಹಾಕ್ಲಾ?"

ಕೆನ್ನೆ ಬಡಿದುಕೊಂಡ. "ಬ್ಯಾಡ ಬ್ಯಾಡ ಕಣಮ್ಮ! ಔಸ್ತಿ ನಂದು ಅಂದ್ರೆ ಅದು ನಾಟಾಕಿಲ್ಲ. ನಮ್ಮ ಹಟ್ಟಿ ದ್ಯಾವ್ರು ಕ್ಯಾತಪ್ಪನ ಹೆಸ್ರು ಹಾಕು."

ಹಾಕಿಬಿಟ್ಟೆ. ನನ್ನ ಬುದ್ಧಿಗೆ ಏನಾಗಿತ್ತೋ! ಅಚ್ಚಾದ ಪುಸ್ತಕಗಳನ್ನು ಬೋರಣ್ಣ ಕುರಿ ಸಂತೆಯಲ್ಲಿ ಟವೆಲ್ ಹಾಸಿಕೊಂಡು ಮಾರಿದ. ಒಂದು ಪ್ರತಿಯನ್ನು ಎಲೆ ಅಡಿಕೆ ಇಟ್ಟು ಪಶು ಡಾಕ್ಟರ್ ನರಸಿಂಹರಾಜು ಸಾಹೇಬರಿಗೂ ಕೊಟ್ಟು ಬಂದ.

ವರ್ಷ ತುಂಬುವಷ್ಟರಲ್ಲಿ ಸಾಹೇಬರ ಪುಸ್ತಕ ಹೊರಬಂತು. ಬಣ್ಣದ ರಟ್ಟು, ಹಿಂದೆ ಅವರ ಫೋಟೊ, ಒಳಗೆಲ್ಲ ಬೋರಣ್ಣನ ಮಾತು. ಒಂದು ಸಾಲೂ ಬದಲಾಗಿರಲಿಲ್ಲ. ಕಾಪಿರೈಟ್ ರಿಜಿಸ್ಟರ್ ಬೇರೆ ಮಾಡಿಸಿಕೊಂಡಿದ್ದರು. ಬೋರಣ್ಣನಿಗೆ ತೋರಿಸಿದೆ. ಬೋರಣ್ಣ, ಪಾಪ, "ಓಗ್ಲಿ ಬುಡಮ್ಮ, ಕುರಿ ಉಳುದ್ರೆ ಸಾಕು" ಅಂದ. ಆಮೇಲೆ ಅವನಿಗೇ ನೋಟೀಸು ಬಂತು. ನನ್ನ ಪುಸ್ತಕ ಕದ್ದು ಮಾರುತ್ತಿದ್ದೀಯ, ನಿಲ್ಲಿಸು ಅಂತ ಸಾಹೇಬರು ಕಳಿಸಿದ್ದರು!

ಅವನನ್ನು ವಕೀಲೆ ಸಂಘಮಿತ್ರಾ ಅವರ ಹತ್ತಿರ ಕರೆದುಕೊಂಡು ಹೋದೆ.

"ಹಕ್ಕು ಪುಸ್ತಕ ಬರೆದಾಗಲೇ ಹುಟ್ಟುತ್ತೆ, ರಿಜಿಸ್ಟರ್ ಆಗಲೇಬೇಕು ಅಂತಿಲ್ಲ" ಅಂದರು. "ಆದ್ರೆ ಪುಸ್ತಕದ ಮೇಲೆ ಯಾರ ಹೆಸರಿದೆಯೋ ಅವರೇ ಬರೆದವರು ಅಂತ ಕೋರ್ಟು ಮೊದಲು ನಂಬುತ್ತೆ. ಇದರ ಮೇಲೆ ಯಾರ ಹೆಸರಿದೆ?"

"ಕ್ಯಾತಪ್ಪಂದು" ಅಂದ ಬೋರಣ್ಣ.

"ಕ್ಯಾತಪ್ಪನ್ನ ಕಟಕಟೆ ಹತ್ತಿಸೋಕಾಗುತ್ತಾ ಯಜಮಾನ್ರೇ?"

"ನಾನು ಹತ್ತುತೀನಿ ಮೇಡಂ. ಟೈಪು ಮಾಡಿದ್ದು ನಾನೇ" ಅಂದೆ. ಹಾಗಾದರೆ ಕಂಪ್ಯೂಟರಿನ ಆ ಫೈಲು ತನ್ನಿ, ಟೈಪು ಮಾಡಿದ ತಾರೀಕು ಅದರಲ್ಲಿರುತ್ತೆ ಅಂದರು.

ಅಂಗಡಿಗೆ ಹೋದರೆ ಫೈಲೇ ಇಲ್ಲ. ಓನರ್ ಮೇಲೆ ಕೂಗಾಡಿದೆ. "ಸಾಹೇಬ್ರು ಕೇಳಿದ್ರು, ಪೆನ್‌ಡ್ರೈವಿಗೆ ಹಾಕ್ಕೊಟ್ಟೆ, ಡಿಲೀಟ್ ಮಾಡ್ದೆ. ಏನಿವಾಗ ರಾಧಾಮಣಿ? ನಾಳೆಯಿಂದ ನೀನು ಬರಬೇಡ" ಅಂದ. ಥೂ, ಇವನ ಜನ್ಮಕ್ಕಿಷ್ಟು!

ವಿಷಯ ಹೇಳೋಣ ಅಂತ ಹಟ್ಟಿಗೆ ಹೋದರೆ ಅಲ್ಲಿ ಪೊಲೀಸ್ ಜೀಪು ನಿಂತಿತ್ತು. ಸಾಹೇಬರ ದೂರಿನ ಮೇಲೆ ಪೊಲೀಸರು ಉಳಿದ ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬುತ್ತಿದ್ದರು. ಬೋರಣ್ಣನ ಹೆಂಡತಿ ಈರಕ್ಕ ಬಾಗಿಲಲ್ಲಿ ನಿಂತು ಶಾಪ ಹಾಕುತ್ತಿದ್ದಳು. ಚೀಲ ಹೊತ್ತು ಜೀಪಿಗೆ ಹಾಕಿದ ಕಾನ್‌ಸ್ಟೇಬಲ್ ಭೀಮರಾಜು ಮೆಲ್ಲಗೆ ಬೋರಣ್ಣನ ಹತ್ತಿರ ಬಂದ.

"ಬೋರಣ್ಣಾ, ನಮ್ಮನೆ ಮ್ಯಾಕೆ ಹೊಟ್ಟೆ ಉಬ್ಬರಿಸ್ಕೊಂಡು ಬಿದ್ದೈತೆ. ಏನು ಕುಡಿಸ್ಲಿ?"

"ನಾಚಿಕೆ ಆಗಲ್ವೇನ್ರಿ ನಿಮಗೆ?" ಅಂತ ಕಿರುಚಿದೆ. "ಹೋಗಿ ಆ ಡಾಕ್ಟರ್ ಸಾಹೇಬರನ್ನೇ ಕೇಳ್ರಿ!"

ಬೋರಣ್ಣ ಕೈಯೆತ್ತಿ ನನ್ನನ್ನು ತಡೆದ. "ಮೂಗಪ್ರಾಣಿ ಏನು ಮಾಡೈತಮ್ಮ? ಕಡ್ಲೇಕಾಯಿ ಎಣ್ಣೆಗೆ ಇಂಗು ಕಲ್ಸಿ ಕುಡ್ಸಪ್ಪ. ಮುಂಗಾಲು ದಿಣ್ಣೆ ಮ್ಯಾಲೆ ಬರಂಗೆ ನಿಲ್ಸು." ಭೀಮರಾಜು ಜೀಪಿನ ಕಡೆ ತಿರುಗಿದ. ಬೋರಣ್ಣ ಅವನ ತೋಳು ಹಿಡಿದ. "ಅಂಗೇ ಓಗ್ಬ್ಯಾಡ. ಬರ್ಕೊ. ಕೆಳಗೆ, ಹೇಳಿದೋನು ಬೋರಣ್ಣ ಅಂತ ಹಾಕು."

"ಅಯ್ಯೋ, ದ್ಯಾವ್ರ ಹೆಸ್ರು ಬುಟ್ರೆ ಔಸ್ತಿ ನಾಟಾಕಿಲ್ಲ ಕಣಪ್ಪೋ!" ಅಂದಳು ಈರಕ್ಕ.

ಬೋರಣ್ಣ ಕೆನ್ನೆ ಬಡಿದುಕೊಂಡ. "ದ್ಯಾವ್ರಿಗೆ ಕೋರ್ಟು ಗೊತ್ತಿಲ್ಲ ಕಣೇ. ಬರಿಯಯ್ಯಾ, ತಾರೀಕೂ ಹಾಕು. ಸೈನು ಮಾಡಿ ನನ್ ಕೈಗೆ ಕೊಡು, ವಕೀಲಮ್ಮಂಗೆ ತೋರುಸ್ತೀನಿ. ಆಮ್ಯಾಕೆ ಜೀಪು ಹೊಂಡುಸು."

ಕಾನ್‌ಸ್ಟೇಬಲ್ ಸುತ್ತ ನೋಡಿದ. ಹಟ್ಟಿಯ ಹೆಂಗಸರು, ಗಂಡಸರು ಒಬ್ಬೊಬ್ಬರಾಗಿ ಬಂದು ಜೀಪಿನ ಮುಂದೆ ಕೂರುತ್ತಿದ್ದರು. ಅವನು ಜೇಬಿನಿಂದ ಪೆನ್ನು ತೆಗೆದ.