ಬೀಡಿ ಬುಟ್ಟಿಯ ಅಳತೆ

ಬೆಳಿಗ್ಗೆ ಹತ್ತೂವರೆಗೆ ಖದೀಜಮ್ಮನ ಮಯ್ಯತ್ ಹೊತ್ತು ಮಸೀದಿಗೆ ಹೊರಟವರು ಬಡಾವಣೆಯ ಗೋಡೆಯ ಎದುರು ನಿಂತುಬಿಟ್ಟರು. ಗೋಡೆಯ ಸಂದಿನಲ್ಲಿ ಶವದ ಮಂಚ ತೂರಲಿಲ್ಲ.

ಗೋಡೆಯ ಆಚೆ ಉದ್ಯಾವರದ ಹೊಸ ಮನೆಗಳ ಸಾಲು; ಅದರ ಹಿಂದೆಯೇ ಮಸೀದಿಯ ಮಿನಾರ ಕಾಣುತ್ತಿತ್ತು. ರಸ್ತೆಯಲ್ಲಿ ಹೋಗುವುದಾದರೆ ಹೆದ್ದಾರಿಗೆ ಇಳಿದು, ಡಿವೈಡರ್ ತೆರೆದಿರುವಲ್ಲಿಯವರೆಗೆ ಹೋಗಿ ತಿರುಗಿ ಬರಬೇಕು.

“ಆಂಬುಲೆನ್ಸ್‌ಗೆ ಹೇಳುವ,” ಎಂದರು ಖದೀಜಮ್ಮನ ತಮ್ಮ ಬೀರಾನ್. “ತಡ ಮಾಡಬಾರದು ಮಾರಾಯ.”

“ಬೇಡ ಮಾಮ. ಉಮ್ಮ ಹೆಗಲ ಮೇಲೆಯೇ ಹೋಗಲಿ,” ಎಂದ ಮಗ ನೌಶಾದ್.

ಅಪ್ಪ ತೀರಿಕೊಂಡಾಗ ನೌಶಾದ್ ಶಾರ್ಜಾದಲ್ಲಿದ್ದ. ಅಂದು ಮಂಚಕ್ಕೆ ಅವನ ಹೆಗಲು ಸಿಕ್ಕಿರಲಿಲ್ಲ.

*

ಬಡಾವಣೆಯ ಜಾಗದಲ್ಲಿ ಗದ್ದೆ ಇದ್ದಾಗ ಖದೀಜಮ್ಮ ಬೀಡಿ ಬುಟ್ಟಿಯನ್ನು ಸೊಂಟಕ್ಕಿಟ್ಟು ಗದ್ದೆಯಂಚಿನ ಹುಣಿಯ ಮೇಲೆಯೇ, ಕಟ್ಟಿದ ಬೀಡಿ ಒಪ್ಪಿಸಲು ಬ್ರಾಂಚಿಗೆ ನಡೆಯುತ್ತಿದ್ದರು. ಗದ್ದೆ ಸೈಟುಗಳಾಯಿತು. ಗೋಡೆ ಏಳತೊಡಗಿದ ದಿನ ಅವರು ಕಲ್ಲು ಕಟ್ಟುವವರ ಎದುರು ಕುಳಿತೇಬಿಟ್ಟರು.

“ದಾರಿ ಬಿಟ್ಟರೆ ಬೈಕುಗಳು ನುಗ್ಗುತ್ತವೆ ಖದೀಜಮ್ಮ,” ಎಂದಿದ್ದರು ಬಡಾವಣೆ ಸಂಘದ ವಿಷ್ಣುಮೂರ್ತಿ ಭಟ್ಟರು.

“ಬೈಕ್ ಯಾರಿಗೆ ಬೇಕು ಭಟ್ರೆ? ನಾನು, ನನ್ನ ಬುಟ್ಟಿ. ಇಷ್ಟು ಸಾಕು.”

ಬುಟ್ಟಿಯನ್ನು ಸೊಂಟಕ್ಕಿಟ್ಟು ನಿಂತು ತೋರಿಸಿದ್ದರು. ಸಂಘದವರು ಗೋಡೆಯಲ್ಲಿ ಅದೇ ಅಳತೆಯ ಸಂದು ಬಿಟ್ಟು, ಎರಡು ಬದಿಗೂ ಕಬ್ಬಿಣದ ಕಂಬ ನೆಟ್ಟು ಕಾಂಕ್ರೀಟ್ ಹಾಕಿದರು. ಆಮೇಲೆ ಬಡಾವಣೆಯ ಮಕ್ಕಳೂ ಬಸ್ಸಿಗೆ ಅಲ್ಲಿಂದಲೇ ಓಡಿದರು. “ನನ್ನ ಸೊಂಟದ ಋಣ ಉಂಟು ನಿಮಗೆ,” ಎಂದು ಖದೀಜಮ್ಮ ಅವರನ್ನು ಛೇಡಿಸುತ್ತಿದ್ದರು.

*

“ಎಂತ ನಿಂತದ್ದು?” ಎನ್ನುತ್ತ ಭಟ್ಟರು ಆಚೆ ಬದಿಗೆ ಬಂದರು. ಮಂಚ ನೋಡಿದರು, ಕಂಬ ನೋಡಿದರು. “ಅಯ್ಯೋ. ಇದು ನಮಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.”

ಭಟ್ಟರು ಗೋಡೆಯ ಮೇಲೆ ಕೈಯಿಟ್ಟು ಎತ್ತರ ನೋಡಿದರು.

“ನೌಶಾದ್, ಗೋಡೆ ಎದೆಮಟ್ಟ ಉಂಟಷ್ಟೆ. ನೀವು ಎತ್ತಿ ಕೊಡಿ, ನಾವು ಹಿಡಿಯುತ್ತೇವೆ. ಜಿತೇಶ್, ಬಾ ಮಾರಾಯ, ಅಕ್ಕಪಕ್ಕದವರನ್ನೂ ಕರೆ!”

ಪಕ್ಕದ ಮನೆಯ ಜಿತೇಶ್ ಬೈಕ್ ನಿಲ್ಲಿಸಿ ಓಡಿ ಬಂದ. ಬೀರಾನ್ ಹಿಂಜರಿದರು. “ನಿಮ್ಮದು ಸ್ನಾನ, ಪೂಜೆ ಎಲ್ಲ ಆಗಿದೆಯಲ್ವಾ ಭಟ್ರೆ?”

“ಬಾವಿಯಲ್ಲಿ ನೀರು ಉಂಟು.”

ಮಂಚ ಮೇಲೆದ್ದಿತು. ಈಚೆಯ ಕೈಗಳು ಬಿಡುವ ಮೊದಲೇ ಆಚೆಯ ಕೈಗಳು ಹಿಡಿದವು. ನೌಶಾದ್ ತನ್ನ ಜಾಗವನ್ನು ಇನ್ನೊಬ್ಬನಿಗೆ ಕೊಟ್ಟು, ಕಂಬಗಳ ನಡುವೆ ನುಸುಳಿ, ಆಚೆ ಬದಿಯಲ್ಲಿ ಭಟ್ಟರ ಪಕ್ಕ ಮತ್ತೆ ಹೆಗಲು ಕೊಟ್ಟ.

ಮುಂದಿನ ಭಾನುವಾರ ಭಟ್ಟರು ಗಾರೆಯವನನ್ನು ಕರೆಸಿ ಕಂಬ ಕೀಳಿಸಿದರು. ಗೋಡೆ ಎಷ್ಟು ಅಗಲ ಒಡೆಯಬೇಕೆಂದು ಅವನು ಕೇಳಿದ. ನೌಶಾದ್ ಮತ್ತು ಜಿತೇಶ್ ಮಸೀದಿಗೆ ಹೋಗಿ ಖಾಲಿ ಮಂಚವನ್ನು ಹೊತ್ತು ತಂದರು.