ಬಾಚಣಿಗೆ ಕಪ್ಪೆಗೆ ಸೊನ್ನೆ

ಪ್ರಶಾಂತ ಸರ್ ಫೋನ್ ಮಾಡಿದಾಗ ನಾನು ಸ್ಟೋರಿನಲ್ಲಿ ವಾಷರ್ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದೆ.

"ಭಾಗ್ಯಲಕ್ಷ್ಮಿಯವರೇ, ನಿಮ್ಮ ಗುಂಡಿ ವಿಷಯ. ಬಾಚಣಿಗೆ ಕಪ್ಪೆ ಎರಡು ಮಳೆಗಾಲದಿಂದ ಸೊನ್ನೆ ಇದೆಯಲ್ರೀ. ನಿಮ್ಮದೂ ಸೊನ್ನೆ, ನಬೀ ಸಾಬ್ರದೂ ಸೊನ್ನೆ. ಇಬ್ಬರೂ ಬೇರೆಬೇರೆ ಬರೆದು ತಾಳೆ ಬಿದ್ದರೆ ಆಮೇಲೆ ಅನುಮಾನ ಪಡೋ ಹಂಗಿಲ್ಲ. ಆ ಜಾಗದಿಂದ ಅದು ಹೋಯ್ತು ಅಂತ ಸೋಮವಾರ ವರದೀಲಿ ಬರೀತೀನಿ."

"ಹ್ಞೂಂ ಸರ್" ಎಂದೆ. ಫೋನ್ ಇಟ್ಟ ಮೇಲೆ ಒಂದೇ ಡಬ್ಬಿಗೆ ಎರಡು ಚೀಟಿ ಅಂಟಿಸಿದೆ.

ಆ ಕಪ್ಪೆ ಎಲ್ಲಿಗೂ ಹೋಗಿಲ್ಲ. ಹಿಂದಿನ ಗುರುವಾರವೂ ಕೂಗಿತ್ತು. ನಾನು ಕೇಳಿದ್ದೆ, ಹಾಳೆಯಲ್ಲಿ ಬರೆದೂ ಇದ್ದೆ. ಮನೆಗೆ ಬಂದ ಮೇಲೆ ರಬ್ಬರಿನಿಂದ ಅಳಿಸಿದ್ದೆ.

ಯಾಕೆ ಅಳಿಸಿದೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನನ್ನ ಬಿ.ಕಾಂ. ಸಂಜೆ ಕಾಲೇಜಿನದು. ಹಗಲು ಊರ ಹೊರಗಿನ ಕರೂರು ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಸ್ಟೋರ್ ಕೆಲಸ, ಆರು ಗಂಟೆಯ ಮೇಲೆ ಪಾಠ. ಹೀಗೆ ಓದಿದವರೆಲ್ಲ ಹೀಗೇ ಇರುತ್ತಾರೋ, ನಾನೊಬ್ಬಳೇ ಹೀಗೋ ಗೊತ್ತಿಲ್ಲ. ಬೇರೆಯವರು ಕಲಿತದ್ದು ಗಟ್ಟಿ, ನಾನು ಕಲಿತದ್ದು ತೂಕಡಿಸುತ್ತಾ ಕೇಳಿಸಿಕೊಂಡದ್ದು ಎಂದೇ ನನಗೆ ಅನ್ನಿಸುತ್ತದೆ. ಕಡೆಯ ವರ್ಷದಲ್ಲಿ ಪ್ರಶಾಂತ ಸರ್ ಬಂದು ನಮಗೆ ಕಪ್ಪೆಗಳ ಬಗ್ಗೆ ಹೇಳಿದರು. ಅವರು ಬೇರೆ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು. "ಕಪ್ಪೆ ಹಿಡಿಯೋದು ಬೇಡ, ನೋಡೋದೂ ಬೇಡ. ವಾರಕ್ಕೊಂದು ಸಂಜೆ ಐದು ನಿಮಿಷ ನಿಂತು ಕೂಗು ಕೇಳಿಸಿಕೊಂಡು ಬರೆದರೆ ಸಾಕು. ಯಾರಾದರೂ ಬರ್ತೀರಾ?" ಎಂದರು. ಯಾರೂ ಕೈ ಎತ್ತಲಿಲ್ಲ. ಅವರ ಮುಖ ನೋಡಲಾಗದೆ ನಾನು ಎತ್ತಿದೆ.

ಕೆಲಸಕ್ಕೆ ಒಂದು ಕಟ್ಟುನಿಟ್ಟು ಇತ್ತು. ಪ್ರತಿ ಜಾಗಕ್ಕೂ ಇಬ್ಬರು ಇರಬೇಕು. ಐದು ನಿಮಿಷ ಮಾತಾಡಬಾರದು, ಒಬ್ಬರ ಹಾಳೆ ಇನ್ನೊಬ್ಬರು ನೋಡಬಾರದು. ಕೂಗಿಲ್ಲದಿದ್ದರೆ ಸೊನ್ನೆ, ಎಣಿಸುವಷ್ಟು ಕೂಗಿದರೆ ಒಂದು, ಕೂಗಿನ ಮೇಲೆ ಕೂಗು ಬಿದ್ದರೆ ಎರಡು, ಬಿಡುವಿಲ್ಲದ ಗದ್ದಲವಾದರೆ ಮೂರು. ಎರಡೂ ಹಾಳೆಗಳ ಫೋಟೋ ಮಾರನೆಯ ದಿನ ಸರ್‌ಗೆ ಕಳಿಸಬೇಕು. ನಮಗೆ ಕೊಟ್ಟ ಜಾಗ ಕೈಗಾರಿಕಾ ಪ್ರದೇಶದ ಹಿಂದೆ ಯಾವಾಗಲೋ ಮಣ್ಣು ತೆಗೆದು ಬಿಟ್ಟ ಗುಂಡಿ. ಮಳೆಗಾಲದಲ್ಲಿ ತುಂಬಿ ಸುತ್ತ ಜೊಂಡು ಬೆಳೆಯುತ್ತದೆ. ಅಲ್ಲಿ ಗೋಂಕರು ಕಪ್ಪೆ, ನೆಲಗಪ್ಪೆ ಇವೆ. ಜೊತೆಗೆ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಸಣ್ಣ ಕಪ್ಪೆ. ಅದರ ಕೂಗು ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂತೆ ಇರುತ್ತದೆ. ಶಾಸ್ತ್ರದ ಹೆಸರು ನಾಲಿಗೆಗೆ ಬಾರದೆ ನಾವು ಬಾಚಣಿಗೆ ಎಂದೆವು, ಕಡೆಗೆ ಸರ್ ಕೂಡ ಹಾಗೇ ಕರೆಯತೊಡಗಿದರು.

ಎರಡನೆಯವರಾಗಿ ನಾನು ಕೇಳಿಕೊಂಡದ್ದು ನಬೀ ಸಾಬ್ರನ್ನು. ಹರಿಹರದಲ್ಲಿ ಅವರದು ಮೋಟಾರ್ ರಿಪೇರಿ ಅಂಗಡಿ ಇತ್ತು, ನಮ್ಮ ಕಾರ್ಖಾನೆಯ ಸುಟ್ಟ ಮೋಟಾರುಗಳೆಲ್ಲ ಅವರ ಹತ್ತಿರ ಹೋಗುತ್ತಿದ್ದವು. ಮೋಟಾರಿನ ಮೇಲೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿ ಕಿವಿಗೆ ಒತ್ತಿಕೊಂಡು, ಬಿಚ್ಚದೆಯೇ ಒಳಗಿನ ರೋಗ ಹೇಳುತ್ತಿದ್ದರು. ಅಂಗಡಿ ಮುಚ್ಚಿದ ಮೇಲೂ ಜನ ಮನೆಗೆ ಬಂದು ಕರೆದೊಯ್ಯುತ್ತಾರೆ. ಕಪ್ಪೆಯ ಮಾತು ಎತ್ತಿದ ತಕ್ಷಣ, "ಕಿವಿ ಕೆಲಸಾನಾ? ಬರ್ತೀನಿ" ಎಂದುಬಿಟ್ಟರು.

ಅವರ ಹಿಂದೆ ಎಕ್ಸೆಲ್ ಮೊಪೆಡ್ಡಿನ ಮೇಲೆ ಅವರ ಹೆಂಡತಿ ಖತೀಜಾಬೀಯೂ ಬಂದರು. "ಹೆಣ್ಮಗಳು ಕತ್ತಲಾಗೋ ಹೊತ್ನಾಗೆ ಈ ಮುದುಕನ ಜೋಡಿ ನಿಂತ್ರೆ ನೋಡಿದೋರು ಏನಂತಾರೆ? ನಾನೂ ಕುಂದ್ರತೀನಿ" ಎಂದು ಪ್ಲಾಸ್ಟಿಕ್ ಸ್ಟೂಲು, ಚಹಾದ ಫ್ಲಾಸ್ಕು ಹಿಡಿದು ಬಂದವರು ಆಮೇಲೆ ಒಂದು ಗುರುವಾರವೂ ತಪ್ಪಿಸಲಿಲ್ಲ.

ಮೊದಲ ವರ್ಷದ ಮೂರನೆಯ ವಾರ ನಾನೊಂದು ತಪ್ಪು ಮಾಡಿದೆ. ಐದು ನಿಮಿಷ ಮುಗಿದದ್ದೇ, ಹಾಳೆ ಮಡಚುತ್ತಾ, "ಸಾಬ್ರೇ, ಇವತ್ತು ನೆಲಗಪ್ಪೆ ಮೂರು!" ಎಂದು ಕುಣಿದಾಡಿದೆ.

ಸಾಬ್ರು ಗಲ್ಲ ಕೆರೆದುಕೊಂಡರು. "ಬೇಟಿ, ಅದು ನೆಲಗಪ್ಪೆ ಅಲ್ಲವ್ವ. ಆ ಶೆಡ್ಡಿನ ಎಕ್ಸಾಸ್ಟ್ ಫ್ಯಾನಿಂದು ಬೇರಿಂಗು. ಆರು ಸಾವಿರದ ಇನ್ನೂರ ನಾಕನೇ ನಂಬರಿಂದು. ಗ್ರೀಸ್ ಒಣಗೈತೆ."

ಖತೀಜಾಬೀ ಸ್ಟೂಲಿನಿಂದ ಬೀಳುವಂತೆ ನಕ್ಕರು. ಸಾಬ್ರು ನಗಲಿಲ್ಲ, ಹೋಗಿ ಶೆಡ್ಡಿನ ಕಾವಲುಗಾರನಿಗೆ ಗ್ರೀಸಿನ ವಿಷಯ ಹೇಳಿ ಬಂದರು. ಮುಂದಿನ ವಾರ ಫ್ಯಾನು ರಿಪೇರಿಯಾಗಿತ್ತು, ನನ್ನ ನೆಲಗಪ್ಪೆಗಳು ಒಂದೂ ಇರಲಿಲ್ಲ.

ಅವತ್ತಿನಿಂದ ನನ್ನ ಕಿವಿಯ ಮೇಲೆ ನನಗೆ ಇದ್ದ ಸ್ವಲ್ಪ ನಂಬಿಕೆಯೂ ಹೋಯಿತು. ಹಾಳೆಗಳು ನನ್ನ ಫೈಲಿನಲ್ಲೇ ಮನೆಗೆ ಬರುತ್ತಿದ್ದವು. ಕೆ.ಬಿ. ಬಡಾವಣೆಯ ನನ್ನ ಒಂಟಿ ರೂಮಿನಲ್ಲಿ ಫೋಟೋ ತೆಗೆಯುವ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ಸಾಬ್ರದು ಒಂದು, ನನ್ನದು ಎರಡು ಇದ್ದರೆ ನನ್ನದನ್ನು ಒಂದು ಮಾಡುತ್ತಿದ್ದೆ. ಮೋಸ ಮಾಡುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ತಪ್ಪು ತಿದ್ದುತ್ತಿದ್ದೇನೆ ಎಂದುಕೊಂಡಿದ್ದೆ. ಮೊದಲ ವರ್ಷ ಬಾಚಣಿಗೆ ಇಬ್ಬರ ಹಾಳೆಯಲ್ಲೂ ಇತ್ತು. ಎರಡನೆಯ ವರ್ಷ ಸಾಬ್ರ ಹಾಳೆಯಲ್ಲಿ ಸೊನ್ನೆ ಬಂತು. ನನಗೆ ಕೇಳಿಸಿದ್ದು ಜೀರುಂಡೆಯೋ ಇನ್ಯಾವುದೋ ಬೇರಿಂಗೋ ಇರಬೇಕೆಂದು ಅಳಿಸಿದೆ. ಈ ವರ್ಷವೂ ಅಳಿಸುತ್ತಲೇ ಬಂದೆ.

ಸರ್ ಫೋನ್ ಮಾಡಿದ ಎರಡು ದಿನಕ್ಕೆ ಗುರುವಾರ ಬಂತು. ಮಧ್ಯಾಹ್ನ ಮಳೆಯಾಗಿ ಗುಂಡಿ ದಡದವರೆಗೆ ತುಂಬಿತ್ತು.

"ಮಂದಿ ಈ ಹೊತ್ನಾಗೆ ಸೀರಿಯಲ್ ನೋಡ್ತಾರೆ. ನಾವು ಚರಂಡಿ ಮುಂದೆ ಕುಂತೀವಿ" ಎಂದು ಖತೀಜಾಬೀ ಸ್ಟೂಲು ಹಾಕಿಕೊಂಡರು.

"ಚರಂಡಿ ಅಲ್ಲ, ಗುಂಡಿ" ಎಂದರು ಸಾಬ್ರು.

"ಗುಂಡಿನೇ. ಮರ್ಯಾದಿ ಕೊಟ್ಟು ಚರಂಡಿ ಅಂದೆ."

ಗಡಿಯಾರ ನೋಡಿಕೊಂಡು ಸುಮ್ಮನಾದೆವು. ನನಗೆ ಕೇಳುವುದು ಅವರಿಗೂ ಕೇಳುತ್ತದೆಯೋ ನೋಡೋಣವೆಂದು ಅವತ್ತು ನಾನು ಗುಂಡಿಯ ಕಡೆ ಕಿವಿ ಕೊಟ್ಟು, ಕಣ್ಣನ್ನು ಸಾಬ್ರ ಮುಖದ ಮೇಲಿಟ್ಟೆ. ಗೋಂಕರು ಕಪ್ಪೆ ಕೂಗಿದಾಗ ಅವರ ಹುಬ್ಬು ಮೇಲೆ ಹೋಯಿತು. ನೆಲಗಪ್ಪೆ ಕೂಗಿದಾಗ ತಲೆ ಸ್ವಲ್ಪ ವಾಲಿತು. ಅಷ್ಟರಲ್ಲಿ ಅವರ ಕಾಲ ಬುಡದ ಜೊಂಡಿನಲ್ಲೇ ಬಾಚಣಿಗೆ ಶುರುವಾಯಿತು. ಒಂದು, ಅದಕ್ಕೆ ಉತ್ತರವಾಗಿ ಇನ್ನೊಂದು, ಆಮೇಲೆ ನಾಲ್ಕೈದು ಒಟ್ಟಿಗೆ. ಸಾಬ್ರ ಮುಖದಲ್ಲಿ ಏನೂ ಆಗಲಿಲ್ಲ. ಬಸ್ಸಿಗೆ ಕಾಯುವವರಂತೆ ನಿಂತಿದ್ದರು.

ಐದು ನಿಮಿಷ ಮುಗಿಯಿತು. "ಯಪ್ಪಾ, ಆ ಕಿರ್ ಕಿರ್ ಅನ್ನೋದು ಒಂದು ಗಳಿಗೆ ಸುಮ್ನಾಗ್ಲಿಲ್ಲ ನೋಡು, ಹಲ್ಲೆಲ್ಲಾ ಜುಮ್ ಅಂತಾವೆ" ಎಂದು ಖತೀಜಾಬೀ ಫ್ಲಾಸ್ಕು ತೆಗೆದರು.

"ಯಾವ ಕಿರ್ ಕಿರ್?"

"ಇದೇ ರೀ, ನಿಮ್ ಕಾಲಾಗೇ!"

"ನಿನ್ ತಲಿನೇ ಕಿರ್ ಅಂತೈತೆ" ಎಂದು ನಗುತ್ತಾ ಸಾಬ್ರು ತಮ್ಮ ಹಾಳೆ ಮಡಚಿ ನನ್ನ ಕೈಗೆ ಕೊಟ್ಟರು. ಖತೀಜಾಬೀಯೂ ನಕ್ಕರು. ನಾನು ಹಾಳೆಯನ್ನು ಬಿಚ್ಚದೆ ಫೈಲಿನಲ್ಲಿಟ್ಟೆ.

ಮನೆಗೆ ಬಂದು ನೋಡಿದರೆ ಸೊನ್ನೆಯೇ ಇತ್ತು. ನನ್ನದನ್ನು ಮೊದಲ ಸಲ ಅಳಿಸದೆ ಬಿಟ್ಟೆ, ಆದರೆ ಫೋಟೋ ಕಳಿಸುವ ಧೈರ್ಯವಾಗಲಿಲ್ಲ. ಕಳಿಸಿದರೆ ಸರ್ ಕೇಳುತ್ತಾರೆ, ಸಾಬ್ರ ಕಿವಿ ಹೋಗಿದೆ ಎಂದು ನಾನು ಹೇಳಬೇಕಾಗುತ್ತದೆ, ಆ ಮಾತು ಹೇಗೋ ಸುತ್ತಿ ಅವರಿಗೆ ಮುಟ್ಟುತ್ತದೆ. ಕಳಿಸದಿದ್ದರೆ ಕಾಲ ಬುಡದಲ್ಲಿ ಕೂಗುವ ಜೀವ ಸೋಮವಾರ ಕಾಗದದ ಮೇಲೆ ಸಾಯುತ್ತದೆ. ಮೂವತ್ತೈದು ವರ್ಷ ಕಿವಿಯಿಂದಲೇ ಬದುಕಿದ ಮನುಷ್ಯನಿಗೆ ಈ ಮಾತನ್ನು ಯಾರು ಹೇಳಬೇಕು? ಹೇಳಿದ ಮೇಲೆ ಅವರು ಗುರುವಾರ ಬರುತ್ತಾರೆಯೇ? ನನಗೆ ಈ ಊರಿನಲ್ಲಿ ವಾರವಿಡೀ ಕಾಯುವಂಥದ್ದು ಇದ್ದದ್ದು ಆ ಒಂದು ಸಂಜೆ.

ಭಾನುವಾರ ಎರಡು ಮಳೆಗಾಲದ ಫೈಲು ಎದೆಗೊತ್ತಿಕೊಂಡು ಹರಿಹರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಖತೀಜಾಬೀ ಬಾಗಿಲು ತೆಗೆದು, "ಅರೆ, ಭಾಗ್ಯಾ! ಬಾರವ್ವ, ಕೂಡ್ರು, ಚಾ ಇಡ್ತೀನಿ" ಎಂದದ್ದೇ, ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು.

"ಸಾಬ್ರೇ, ಬಾಚಣಿಗೆ ಹೋಗಿಲ್ಲ. ನಿಮಗೆ ಕೇಳಿಸ್ತಿಲ್ಲ. ತಪ್ಪು ತಿಳೀಬ್ಯಾಡ್ರಿ" ಎಂದುಬಿಟ್ಟೆ. ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

ಸಾಬ್ರು ಕುರ್ಚಿಯಲ್ಲಿ ಕುಳಿತಲ್ಲೇ ಹೆಂಡತಿಯ ಕಡೆ ತಿರುಗಿದರು. "ಗುರುವಾರ ಕಿರ್ ಕಿರ್ ಅಂದ್ಯಲ್ಲ, ಖರೇನಾ?"

"ಖರೇನೇ ರೀ" ಎಂದರು ಖತೀಜಾಬೀ. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ.

"ನಿನ್ನ ಗುಸುಗುಸು ಕೇಳ್ತೈತೆ. ಲಾರಿ ಗೇರ್ ಹಾಕಿದ್ದು ಕೇಳ್ತೈತೆ. ಅದೊಂದು ಕೇಳಲ್ವಾ?" ಸಾಬ್ರು ಎದ್ದು ಹಿತ್ತಲಿಗೆ ಹೋದರು. ನಲ್ಲಿ ತಿರುಗಿಸಿದ ಶಬ್ದ ಬಂತು. ಕೊಳೆಯಿಲ್ಲದ ಕೈಗಳನ್ನು ಅವರು ಬಹಳ ಹೊತ್ತು ತೊಳೆದರು. ಖತೀಜಾಬೀ ಒಲೆಯ ಮುಂದೆ ನಿಂತು ನನ್ನನ್ನು ನೋಡಲಿಲ್ಲ. ಎದ್ದು ಹೋಗಿಬಿಡೋಣ ಎನ್ನಿಸಿತು.

ಅವರು ಕೈ ಒರೆಸಿಕೊಳ್ಳುತ್ತಾ ಬಂದು ಫೈಲು ಕೇಳಿದರು. ಹಾಳೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದರು. ಅಳಿಸಿದರೂ ಪೆನ್ಸಿಲ್ ಒತ್ತಿದ ಗುರುತು ಹೋಗಿರಲಿಲ್ಲ.

"ಇಲ್ಲಿ ಎರಡು ಬರ್ದು ಅಳಸೀಯ."

"ಹ್ಞೂಂ."

"ಇಲ್ಲಿ ಒಂದು. ಇಲ್ಲಿ ಮತ್ತೆ ಎರಡು. ಯಾಕ?"

"ನಿಮ್ದು ಸೊನ್ನೆ ಇತ್ತಲ್ರೀ."

"ನಂಗೆ ಕೇಳ್ಸಲಿಲ್ಲ, ಸೊನ್ನೆ ಹಾಕ್ದೆ. ನನ್ನ ಹಾಳೆ ಖರೇ ಐತೆ. ನಿಂಗೆ ಕೇಳ್ಸಿತ್ತು, ನೀನೂ ಸೊನ್ನೆ ಹಾಕ್ದೆ. ಸುಳ್ಳು ಬರ್ದೋರು ಯಾರವ್ವ?"

ಬಸ್ಸಿನಲ್ಲಿ ಸಾಬ್ರಿಗಾಗಿ ಎಷ್ಟು ಮರುಗಿಕೊಂಡು ಬಂದಿದ್ದೆ! ಈ ಪ್ರಶ್ನೆ ಮಾತ್ರ ನನಗೆ ಹೊಳೆದೇ ಇರಲಿಲ್ಲ.

"ಪಾಪ, ಅಳೋ ಹಂಗಾಗೈತೆ, ಬಿಡ್ರಿ" ಎಂದರು ಖತೀಜಾಬೀ.

"ಅಳ್ಲಿ. ಮೊದ್ಲು ಚಾ ಕೊಡು, ಆಮ್ಯಾಕೆ ಅಳ್ಲಿ." ಸಾಬ್ರು ನನ್ನ ಎದುರು ಕುಳಿತರು. "ಎರಡ್ ವರ್ಷ ನನ್ ಕಿವಿ ಕೆಟ್ಟೈತೆ ಅಂತ ನಂಗೆ ಗೊತ್ತಾಗಾಕೆ ಒಂದೇ ದಾರಿ ಇತ್ತು, ಬೇಟಿ. ನಿನ್ ಹಾಳೆ. ಅದನ್ನ ನೀನೇ ಅಳಿಸಿಬಿಟ್ಟೆ. ಹಚ್ಚು ಸರ್‌ಗೆ ಫೋನು."

ಫೋನಿನಲ್ಲಿ ಮೊದಲು ನಾನು ಹೇಳಿದೆ, ತೊದಲಿಕೊಂಡು. ಆಮೇಲೆ ಸಾಬ್ರು ಕಸಿದುಕೊಂಡರು. "ಸರ್, ನನ್ ಕಿವಿ ಸಣ್ಣ ಕೀರಲು ಸಪ್ಪಳ ಹಿಡಿಯಲ್ಲ ಅಂತ ಇವತ್ತು ಗೊತ್ತಾತು. ಬೇರೇರನ್ನ ಹಾಕ್ಕೊಳ್ರಿ."

ಪ್ರಶಾಂತ ಸರ್ ಹೇಳಿದ್ದು ಇಷ್ಟು: ಸಾಬ್ರ ಹಾಳೆಗಳು ಉಳಿಯುತ್ತವೆ. ವಯಸ್ಸಾದಂತೆ ಕೀರಲು ಸದ್ದುಗಳು ಮೊದಲು ಕಿವಿ ತಪ್ಪುತ್ತವೆ; ಅವರಿಗೆ ಏನು ಕೇಳಿಸುವುದಿಲ್ಲ ಎಂದು ಈಗ ಗೊತ್ತಾಗಿದೆ, ಅದೊಂದನ್ನು ಬಿಟ್ಟು ಮಿಕ್ಕದ್ದು ಸರಿ. ನನ್ನ ಇಲ್ಲಿಯವರೆಗಿನ ಹಾಳೆಗಳನ್ನು ಪೂರ್ತಿ ತೆಗೆದುಹಾಕಬೇಕು, ಯಾವುದು ಕೇಳಿದ್ದು, ಯಾವುದು ನೋಡಿ ತಿದ್ದಿದ್ದು ಎಂದು ಯಾರಿಗೂ ಹೇಳಲಾಗದು. ಬಾಚಣಿಗೆಯ ಮುಂದೆ ಸೊನ್ನೆ ಬದಲು "ತಿಳಿದಿಲ್ಲ" ಎಂದು ಬರೆಯುತ್ತಾರೆ. ಸಾಬ್ರು ಬಿಡುವುದು ಬೇಡ, ಸಣ್ಣ ಕೂಗಿಗೆ ಮೂರನೆಯವರು ಯಾರಾದರೂ ಸಿಕ್ಕರೆ ಸಾಕು.

ಸಾಬ್ರು ಫೋನಿಗೆ ಕೈ ಅಡ್ಡ ಇಟ್ಟು ಹೆಂಡತಿಯನ್ನು ನೋಡಿದರು.

"ನಂಗೆ ಬರ್ಯಾಕೆ ಬರಲ್ಲ!" ಎಂದರು ಖತೀಜಾಬೀ.

"ಗೆರಿ ಎಳ್ಯಾಕೆ ಬರ್ತೈತಲ್ಲ. ಎಣಿಸೋ ಹಂಗಿದ್ರೆ ಒಂದ್ ಗೆರಿ, ಜಾಸ್ತಿ ಆದ್ರೆ ಎರಡು."

"ಹಂಗಾರೆ ನಂಗೂ ಒಂದು ಫೈಲು ಬೇಕು. ಇವಳ ಹಂಗೆ."

ಹೀಗೆ ಕಳೆದ ಗುರುವಾರ ಮೂವರೂ ಗುಂಡಿಯ ಹತ್ತಿರ ಒಬ್ಬರಿಗೊಬ್ಬರು ಬೆನ್ನು ಮಾಡಿ ನಿಂತೆವು. ಖತೀಜಾಬೀ ಸ್ಟೂಲು ತಂದಿದ್ದರು, ಆದರೆ ಅಧಿಕೃತವಾಗಿ ಬಂದವರು ಕೂರಬಾರದೆಂದು ನಿಂತೇ ಇದ್ದರು. ಬಾಚಣಿಗೆಗೆ ನಾನು ಎರಡು ಬರೆದೆ, ಪೆನ್ನಿನಲ್ಲಿ. ಬರೆದ ಮೇಲೂ ಅದು ಜೀರುಂಡೆಯೇನೋ ಎಂಬ ಅನುಮಾನ ಇದ್ದೇ ಇತ್ತು.

ಈ ಸಲ ಯಾರೂ ನೋಡದಂತೆ ಹಾಳೆಗಳನ್ನು ಅಲ್ಲೇ ಲಕೋಟೆಗೆ ಹಾಕಿ ಅಂಟಿಸಿದ ಮೇಲೆ ಸಾಬ್ರು ನನ್ನ ಹತ್ತಿರ ಬಂದರು. "ಈಗ ಕೂಗಾಕ್ಹತ್ತೈತಾ?"

"ಹ್ಞೂಂ ಸಾಬ್ರೇ. ನಿಮ್ಮ ಎಡಗಡೆ."

ಅವರು ಎಡಗಡೆ ತಿರುಗಿ ಸ್ವಲ್ಪ ಹೊತ್ತು ಕತ್ತಲನ್ನೇ ನೋಡಿದರು. "ಹೆಂಗಿತ್ತು ಅದು? ಮರ್ತೇ ಹೋಗೈತೆ. ನೀನೊಮ್ಮೆ ಮಾಡಿ ತೋರ್ಸು."

ನನಗೆ ನಾಚಿಕೆಯಾಯಿತು. ರಸ್ತೆಯಲ್ಲಿ ಯಾರಾದರೂ ಹೋಗುತ್ತಿದ್ದಾರೋ ಎಂದು ನೋಡಿದೆ. ಆಮೇಲೆ ದನಿಯನ್ನು ಆದಷ್ಟು ದಪ್ಪ ಮಾಡಿ, ಗಂಟಲಿನಿಂದ, ಕರ್ರ್, ಕರ್ರ್ ಎಂದೆ.

"ಥೂ, ಹಂಗಲ್ಲ. ಅದು ಇನ್ನೂ ಸಣ್ಣಕೆ ಕೂಗ್ತೈತೆ" ಎಂದರು ಖತೀಜಾಬೀ.

"ಸಣ್ಣಕೆ ಮಾಡಿದ್ರೆ ನಂಗೆ ಕೇಳಲ್ಲ. ಹಿಂಗೇ ಇರ್ಲಿ" ಎಂದರು ಸಾಬ್ರು, ಕಣ್ಣು ಮುಚ್ಚಿಕೊಂಡು. "ಇನ್ನೊಮ್ಮೆ ಮಾಡು ಬೇಟಿ. ಸ್ವಲ್ಪ ಜೋರಾಗಿ."

ಜೋರಾಗಿಯೇ ಮಾಡಿದೆ. ಗುಂಡಿಯಲ್ಲಿದ್ದ ಕಪ್ಪೆಗಳೆಲ್ಲ ಒಮ್ಮೆಗೇ ಸುಮ್ಮನಾದವು.

"ನೋಡ್ರಿ, ಅವುಕ್ಕೂ ಗಾಬ್ರಿ ಆತು" ಎಂದರು ಖತೀಜಾಬೀ.