ಗುಮ್ಮನ ಬಂಡೆ

"ಕಣ್ಣು ಚೆನ್ನಾಗಿ ಸಿಕ್ಕಿದೆ," ಎಂದು ಶಂಭುಲಿಂಗಯ್ಯನವರು ಲ್ಯಾಪ್‌ಟಾಪಿನ ಪರದೆಗೆ ಮುಖ ತಂದು ಹೇಳಿದರು. "ಸುತ್ತಲಿನ ಪುಕ್ಕ ಒಂದೊಂದೂ ಎಣಿಸ್ಬೋದು. ಶಟರ್ ಎಷ್ಟಿಟ್ಟಿದ್ದೆ?"

"ಇನ್ನೂರೈವತ್ತು ಸಾರ್. ಬೆಳಕು ಕಮ್ಮಿ ಇತ್ತು. ಹುರುಳಿ ಚೀಲದ ಮೇಲೆ ಲೆನ್ಸ್ ಒರಗಿಸಿ, ಉಸಿರು ಹಿಡ್ಕೊಂಡು ಹೊಡ್ದೆ."

ತಿಮ್ಮೇಶ್ ಕುರ್ಚಿಯ ತುದಿಯಲ್ಲಿ ಕೂತಿದ್ದ. ದಂಡಿನಶಿವರದ ಕಡೆ ಲೈನ್‌ಮನ್ ಆಗಿದ್ದ ಅವನಿಗೆ ಕಂಬದಿಂದ ಕಂಬಕ್ಕೆ ಅಲೆಯುತ್ತಲೇ ಹಕ್ಕಿಗಳ ಹುಚ್ಚು ಹತ್ತಿತ್ತು. ಮದುವೆ ಫೋಟೋ ತೆಗೆಯುವವನೊಬ್ಬ ಮಾರಿದ ಹಳೆಯ ಕ್ಯಾಮೆರಾ, ಮೊಣಕೈಯುದ್ದದ ಲೆನ್ಸು, ಯೂನಿಫಾರಂ ಪ್ಯಾಂಟಿನ ಕಾಲು ಕತ್ತರಿಸಿ ಹೆಂಡತಿ ನಿರ್ಮಲಾ ಹೊಲಿದುಕೊಟ್ಟ ಹುರುಳಿ ಚೀಲ, ಇಷ್ಟೇ ಅವನ ಸಾಮಾನು. ಭಾನುವಾರ ಬೆಳಿಗ್ಗೆ ತಿಪಟೂರಿಗೆ ಬಂದು, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದ ಶಂಭುಲಿಂಗಯ್ಯನವರಿಗೆ ಆ ವಾರದ ಚಿತ್ರ ತೋರಿಸುವುದು ಮೂರು ವರ್ಷದ ರೂಢಿ. ಅವರು ಸುಮ್ಮನೆ ಹೊಗಳುವವರಲ್ಲ. ಅದಕ್ಕೇ ಅವನು ಬರುತ್ತಿದ್ದುದು.

"ಆದ್ರೆ ಈ ಗುಮ್ಮ ಎಲ್ಲಿದೆಯಪ್ಪ?" ಎಂದು ಅವರು ಕೇಳಿದರು. "ಬರೀ ಗೂಬೆ ಮುಖ. ಹಿಂದೆ ಎಲ್ಲಾ ಮಸುಕು. ಯಾವ್ದೋ ಮೃಗಾಲಯದಲ್ಲಿ ತೆಗ್ದಿದ್ದು ಅಂದ್ರೂ ನಂಬ್ತಾರೆ. ಇದು ನಮ್ಮ ಸೀಮೆ ಗುಮ್ಮ ಅಂತ ಗೊತ್ತಾಗ್ಬೇಕು. ಉದ್ದನೇ ಲೆನ್ಸ್ ತೆಗೆದಿಡು. ಬಂಡೆ ಬರ್ಲಿ, ತೆಂಗು ಬರ್ಲಿ. ಹಕ್ಕಿ ಚಿಕ್ಕದಾದ್ರೆ ಆಗ್ಲಿ ಬಿಡು."

ಬಂಡೆಯ ಸಂದಿನಲ್ಲಿದ್ದ ಆ ಗುಮ್ಮನ ಗೂಡನ್ನು ಅವನಿಗೆ ತೋರಿಸಿದವಳು ತಿಮ್ಮಕ್ಕ. ಗುಡ್ಡದ ಬುಡದಲ್ಲಿ ಒಂಟಿಯಾಗಿದ್ದು ಮೇಕೆ ಮೇಯಿಸುವವಳು. ಹಿಂದಿನ ಮಳೆಗಾಲದಲ್ಲಿ ಕಡಿದು ಬಿದ್ದ ತಂತಿಯತ್ತ ನುಗ್ಗುತ್ತಿದ್ದ ಅವಳ ಮೇಕೆಗಳನ್ನು ತಿಮ್ಮೇಶ್ ಅಡ್ಡ ಓಡಿ ತಡೆದಿದ್ದ. ಅಂದಿನಿಂದ ಅವಳಿಗೆ ಅವನು ಮನೆಯ ಮಗನಂತೆ. "ಜನ ಗುಮ್ಮನ್ನ ಅಪಶಕುನ ಅಂತಾರೆ. ನನ್ ಗುಡ್ಲಲ್ಲಿ ಒಂದಿಲಿ ಇಲ್ಲ ಅಂದ್ರೆ ಇದ್ರಿಂದ್ಲೇ ಕಣಪ್ಪ. ಯಾರ್ಗೂ ಹೇಳ್ಬ್ಯಾಡ," ಎಂದಿದ್ದಳು. "ಇಲ್ಲ ಕಣಜ್ಜಿ," ಎಂದು ಅವನು ಮಾತು ಕೊಟ್ಟಿದ್ದ.

ಗುರುವಾರ ನಸುಕಿನಲ್ಲಿ ಎದುರಿನ ದಿಬ್ಬದ ಮೇಲೆ ಬೋರಲು ಮಲಗಿ ಕಾದ. ಸೂರ್ಯ ಮೂಡಿದ್ದೇ ಬಂಡೆಯ ಸಂದು ಕೆಂಪಾಯಿತು. ಹತ್ತಿಯುಂಡೆಯಂಥ ಮೂರು ಮರಿಗಳು ತಾಯಿಯ ಮಗ್ಗುಲಲ್ಲಿ ಕತ್ತೆತ್ತಿದವು. ಕೆಳಗೆ ಮಂಜು ಹೊದ್ದ ತೆಂಗಿನ ತಲೆಗಳು. ಅದರಾಚೆ, ದೂರದಲ್ಲಿ, ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯ ಚಿಮಣಿ. ಅವನು ಒಂದೇ ಒಂದು ಸಲ ಗುಂಡಿ ಒತ್ತಿದ.

"ಇದು ಫೋಟೋ ಕಣಯ್ಯ!" ಎಂದು ಅವನು ಕಳಿಸಿದ ಚಿತ್ರ ನೋಡಿ ಶಂಭುಲಿಂಗಯ್ಯನವರು ಫೋನಿನಲ್ಲೇ ಕೂಗಿದರು. "ಆ ಚಿಮಣಿ ಬಂದಿರೋದು ನೋಡು, ಎಷ್ಟು ಚೆನ್ನಾಗಿ ಕೂತಿದೆ!"

ಆ ಸಂಜೆ ಅವನು ಚಿತ್ರವನ್ನು ಹಕ್ಕಿ ಫೋಟೋದವರ ಫೇಸ್‌ಬುಕ್ ಗುಂಪಿಗೆ ಹಾಕಿದ. ಊರಿನ ಹೆಸರು ಬರೆಯಲಿಲ್ಲ. ಅಷ್ಟು ಎಚ್ಚರ ಅವನಿಗಿತ್ತು. ಮಾರನೆಯ ದಿನಕ್ಕೆ ಸಾವಿರಾರು ಜನ ಮೆಚ್ಚಿದ್ದರು. ಗುರುತಿಲ್ಲದವರೂ ಹಂಚಿಕೊಂಡಿದ್ದರು. ಕಂಬ ಹತ್ತಿದಾಗಲೂ ಅವನು ಜೇಬಿನಿಂದ ಫೋನು ತೆಗೆದು ನೋಡಿಕೊಂಡ.

ಹನ್ನೆರಡು ದಿನ ಕಳೆದು ಗುಡ್ಡದ ಕಡೆ ಹೋದಾಗ ಬಂಡೆಯ ಸಂದು ಖಾಲಿಯಾಗಿತ್ತು. ಮರಿಗಳಿಗಿನ್ನೂ ಹಾರುವ ಕಾಲವಲ್ಲ. ಲೆನ್ಸಿನಲ್ಲಿ ನೋಡಿದರೆ ಒಂದಿಷ್ಟು ಬೂದು ತುಪ್ಪುಳ, ನೆತ್ತಿಯ ಕಲ್ಲಿಗೆ ಬಿಗಿದು ಇಳಿಬಿಟ್ಟ ನೀಲಿ ನೈಲಾನ್ ಹಗ್ಗ.

ತಿಮ್ಮಕ್ಕ ಮೇಕೆ ಬಿಟ್ಟು ಏದುಸಿರು ಬಿಡುತ್ತಾ ಬಂದಳು. "ಯಾಕಪ್ಪಾ ಮರಿ ತಗಸ್ದೆ?"

"ನಾನಾ?"

"ನಿನ್ನೆ ಬೈಕ್ನಲ್ಲಿ ಇಬ್ರು ಬಂದಿದ್ರಲ್ಲ. ಫೋನ್ನಾಗೆ ನೀನು ತೆಗ್ದಿದ್ ಪಟ ತೋರ್ಸುದ್ರು. ಬಂಡೆ ಇತ್ತು, ಆ ಹೊಗೆ ಗೂಡೂ ಇತ್ತು. ನಮ್ ಲೈನ್‌ಮನ್ ಕಡೇರಾ ಅಂದೆ, ಹೂಂ ಅಂದ್ರು, ನಾನೇ ದಾರಿ ತೋರ್ಸಿ ನೀರು ಕೊಟ್ಟೆ. ಚೀಲ ತುಂಬ್ಕಂಡು ಹೋಗಾಗ, ಲೈನ್‌ಮನ್ ಕಳ್ಸವ್ನೆ ಅಂದ್ರು." ಅವಳು ಅವನ ಮುಖ ನೋಡಿದಳು. "ನಿನ್ ಕಡೇರಲ್ವಾ?"

"ಅಲ್ಲ ಅಜ್ಜಿ."

ತಿಮ್ಮಕ್ಕ ಅಲ್ಲೇ ಕುಸಿದು ಕೂತಳು. ಮಾಟ ಮಾಡುವವರು ಗುಮ್ಮನ ಮರಿಗಳನ್ನು ಹುಡುಕಿಕೊಂಡು ಬರುತ್ತಾರೆಂಬುದು ಆ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. "ನನ್ ಕೈಯಾರೆ ತೋರ್ಸುದ್ನಲ್ಲಪ್ಪಾ," ಎಂದು ಎದೆ ಬಡಿದುಕೊಂಡಳು. "ನನ್ ಬಾಯಿಗೆ ಮಣ್ಣಾಕ."

ತಿಮ್ಮೇಶ್ ಫೋನು ಹಿಡಿದು ಪಕ್ಕದ ಇನ್ನೊಂದು ಬಂಡೆಯ ಮರೆಗೆ ಹೋದ. ಅರಣ್ಯ ಇಲಾಖೆಯ ಕಚೇರಿಯಲ್ಲಿ, ಬೆಳಿಗ್ಗೆ ಬಂದು ಬರೆದುಕೊಡಿ ಎಂದರು. ಆಮೇಲೆ ಶಂಭುಲಿಂಗಯ್ಯನವರಿಗೆ ಫೋನು ಮಾಡಿದ. ನಡೆದದ್ದನ್ನೆಲ್ಲ ಹೇಳಿದ.

"ಬೆಳಕು ನೋಡ್ದೆ, ಫ್ರೇಮು ನೋಡ್ದೆ," ಎಂದರು ಅವರು. "ಆ ಚಿಮಣಿ ಹಿಡ್ಕೊಂಡು ಯಾರು ಬೇಕಾದ್ರೂ ಬರ್ಬೋದು ಅನ್ನೋದು ನನ್ ತಲೆಗೆ ಹೊಳೀಲಿಲ್ವಲ್ಲೋ."

"ಈಗ ಅಳಿಸ್ಬುಟ್ಟೆ ಸಾರ್."

"ಎಷ್ಟು ಜನ ಇಳಿಸ್ಕೊಂಡಿದಾರೋ." ಅವರ ದನಿ ಮುದುಕರ ದನಿಯಾಗಿತ್ತು. "ಆ ಅಜ್ಜಿ ಏನಂತಾರೆ?"

"ತನ್ದೇ ತಪ್ಪು ಅಂತವ್ರೆ."

"ನೀನೇನಂದೆ?"

"ಆಮೇಲೆ ಮಾಡ್ತೀನಿ ಸಾರ್," ಎಂದು ತಿಮ್ಮೇಶ್ ಫೋನು ಇಟ್ಟ. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂದುಹೋಗಿತ್ತು. ಫೇಸ್‌ಬುಕ್ ಎಂದರೇನೆಂದು ಅವಳಿಗೆ ತಿಳಿಯದು. ನಾಲ್ಕು ದಿನ ಅತ್ತು ಮರೆಯುತ್ತಾಳೆ. ಬಂಡೆಯಾಚೆಯಿಂದ ಅವಳ ಮೂಗೇರಿಸುವ ಸದ್ದು ಕೇಳುತ್ತಲೇ ಇತ್ತು.

ಅವನು ವಾಪಸು ಬಂದು ಅವಳ ಎದುರು ಕುಕ್ಕರುಗಾಲಲ್ಲಿ ಕೂತ. "ಅಜ್ಜೀ, ನೀನಲ್ಲ. ಆ ಪಟ ಎಲ್ರೂ ನೋಡೋ ಹಂಗೆ ನಾನೇ ಹಾಕಿದ್ದೆ. ಅವ್ರು ಅದನ್ನ ನೋಡ್ಕಂಡೇ ಬಂದವ್ರೆ. ನೀನು ತೋರಿಸ್ದೆ ಇದ್ರೂ ಹುಡುಕ್ತಿದ್ರು."

"ಎಲ್ರೂ ಅಂದ್ರೆ?"

"ಲೋಕದೋರೆಲ್ಲ."

"ಯಾರ್ಗೂ ಹೇಳ್ಬ್ಯಾಡ ಅಂದಿದ್ನಲ್ಲಪ್ಪ."

"ಬಾಯಲ್ಲಿ ಹೇಳ್ಲಿಲ್ಲ..." ಎಂದ.

ಸೆರಗಿನಿಂದ ಮುಖ ಒರೆಸಿಕೊಂಡು ಅವಳು ಗೂಡಿನ ಬಂಡೆಯ ಕಡೆ ತಿರುಗಿ ಕೂತಳು. ಮೇಕೆಗಳು ತಾವಾಗಿಯೇ ಗುಡಿಸಲಿನ ದಾರಿ ಹಿಡಿದವು, ಅವಳು ಏಳಲಿಲ್ಲ. ಅವನೂ ಏಳಲಿಲ್ಲ.

ಹೊತ್ತು ಮುಳುಗಿತು. ತೆಂಗಿನ ತೋಟದ ಮೇಲಿಂದ ಸದ್ದಿಲ್ಲದೆ ತೇಲಿಬಂದ ತಾಯಿ ಗುಮ್ಮ ಸಂದಿನ ಅಂಚಿಗೆ ಇಳಿಯಿತು. ಕಾಲಲ್ಲಿ ಹೆಗ್ಗಣವಿತ್ತು. ಅದನ್ನು ತುಪ್ಪುಳದ ನಡುವೆ ಇಟ್ಟು, ಕೊಕ್ಕಿನಿಂದ ಒಂದಿಷ್ಟು ಮುಂದಕ್ಕೆ ತಳ್ಳಿ, ಪಕ್ಕಕ್ಕೆ ಸರಿದು ಕೂತಿತು.